ಹೆಸರು ಕೆತ್ತಿದ ಡಬ್ಬಿ

ಹರ್ನ್‌ಡನ್, ವರ್ಜೀನಿಯಾ
28 ಮಾರ್ಚ್ 2022

ಪ್ರೀತಿಯ ಊರ್ಮಿಳಕ್ಕ,

ನೀವು ಅಟ್ಲಾಂಟಾಕ್ಕೆ ಹೊರಟು ಎರಡು ವಾರವಾಯಿತು. ನೀವು ಕೂರುತ್ತಿದ್ದ ಹಾಗೆಯೇ ಬಚ್ಚಲಲ್ಲಿ ಕಾಲು ನೀಡಿ ಕೂತು ಪುಟ್ಟಿಯನ್ನು ಕಾಲ ಮೇಲೆ ಬೋರಲು ಹಾಕಿಕೊಳ್ಳುತ್ತೇನೆ. ನಿಮ್ಮ ಕಾಲ ಮೇಲೆ ನಿದ್ದೆ ಹೋಗುತ್ತಿದ್ದವಳು ನನ್ನ ಕಾಲ ಮೇಲೆ ಮನೆ ಹಾರಿಹೋಗುವಂತೆ ಕಿರುಚುತ್ತಾಳೆ. ಚಿರಂತನ್ ಬಾಗಿಲಲ್ಲಿ ನಿಂತು, "ಅತ್ತಿಗೆಗೆ ವಿಡಿಯೋ ಕಾಲ್ ಮಾಡ್ಲಾ? ಅವರ ಕಾಲನ್ನ ತೋರಿಸಲಿ, ಸಾಕು" ಅನ್ನುತ್ತಾರೆ.

ಅಮ್ಮನಿಗೆ ವೀಸಾದ ದಿನಾಂಕವೇ ಸಿಗದಿದ್ದಾಗ ನಾನು ಎಷ್ಟು ಹೆದರಿದ್ದೆ ಎಂದು ನಿಮಗೆ ಗೊತ್ತು. ರಜೆ ಹಾಕಿ ಐದು ವಾರ ಬಂದು ನಿಂತಿರಿ. ವಾರಗಿತ್ತಿಯಿಂದ ಬಾಣಂತನ ಮಾಡಿಸಿಕೊಂಡವಳು ಈ ದೇಶದಲ್ಲಿ ನಾನೊಬ್ಬಳೇ ಇರಬೇಕು. ಇಲ್ಲಿ ಯಾರು ಕೇಳಿದರೂ ನಿಮ್ಮ ಹೆಸರೇ ಹೇಳುತ್ತೇನೆ.

ನೀವು ಅಂಟಿನುಂಡೆ ತುಂಬಿ ತಂದಿದ್ದ ಡಬ್ಬಿ ವಾಪಸ್ ಕಳಿಸುತ್ತಿದ್ದೇನೆ. ಮುಚ್ಚಳದ ಮೇಲೆ ಚುಕ್ಕಿ ಚುಕ್ಕಿಯಾಗಿ 'ನೀರಜಾ' ಎಂದು ಅತ್ತೆಯ ಹೆಸರು ಕೆತ್ತಿರುವ ಡಬ್ಬಿಯನ್ನು ಖಾಲಿ ಕಳಿಸುವ ಧೈರ್ಯ ನನಗೆಲ್ಲಿ? "ಏನೂ ಇಲ್ದಿದ್ರೆ ಒಂದು ಹಿಡಿ ಸಕ್ಕರೆನಾದ್ರೂ ಹಾಕಿ ಕೊಡ್ಬೇಕಮ್ಮಾ" ಎಂದು ಮೈಸೂರಿನಲ್ಲಿ ಮೊದಲ ದಿನವೇ ಹೇಳಿಕೊಟ್ಟಿದ್ದರಲ್ಲ. ಚಟ್ನಿಪುಡಿ ಹಾಕಿದ್ದೇನೆ. ಕಾಗದವನ್ನೂ ಅದರೊಳಗೇ ಇಟ್ಟಿದ್ದೇನೆ. ವಾಟ್ಸಾಪ್‌ನಲ್ಲಿ ಬರೆದರೆ ಮಾತು ಹೇಗೋ ಫ್ಯಾಮಿಲಿ ಗ್ರೂಪ್ ಮುಟ್ಟಿಬಿಡುತ್ತದೆ. ಡಬ್ಬಿಯಲ್ಲಾದರೆ ನಾನು, ನೀವು, ಚಟ್ನಿಪುಡಿ.

ನಿದ್ದೆ ಇಲ್ಲ ಅಕ್ಕ. ಪುಟ್ಟಿ ಮಲಗಿದರೆ ಉಸಿರಾಡುತ್ತಿದ್ದಾಳಾ ಎಂದು ಮೂಗಿನ ಹತ್ತಿರ ಬೆರಳಿಟ್ಟು ನೋಡುತ್ತೇನೆ. ಅಷ್ಟಕ್ಕೇ ಅವಳಿಗೆ ಎಚ್ಚರವಾಗುತ್ತದೆ. ಎದ್ದಿರುವಾಗ ಸುಮ್ಮನಿರಲಾಗದೆ, ನಿಮಗೆ ಹೇಳುತ್ತಿದ್ದೆನಲ್ಲ, ಆ ಕೆಲಸವನ್ನು ಮತ್ತೆ ತೆರೆದಿದ್ದೇನೆ. ಕೊಲ್ಲಿಯ ಒಂದು ತೈಲ ದೇಶ ಮಲೇಷ್ಯಾಕ್ಕೆ ಕಚ್ಚಾ ತೈಲ ಮಾರುತ್ತದೆ, ಮಲೇಷ್ಯಾ ಅವರಿಗೆ ತಾಳೆ ಎಣ್ಣೆ ಮಾರುತ್ತದೆ. 'ಇಷ್ಟು ಕಳಿಸಿದೆವು' ಎಂದು ಮಲೇಷ್ಯಾ ಹೇಳುವುದಕ್ಕೂ 'ಇಷ್ಟು ಬಂತು' ಎಂದು ಅವರು ಹೇಳುವುದಕ್ಕೂ ತಾಳೆಯಾಗುವುದೇ ಇಲ್ಲ. ನಡುವಿನ ಎಣ್ಣೆ ಎಲ್ಲಿ ಹೋಗುತ್ತದೆ? ಅವರ ಬಂದರಿನಲ್ಲಿ ಇಳಿದು, ಊರೊಳಗೆ ಹೋಗದೆ, ಅಲ್ಲಿಂದಲೇ ಪೂರ್ವ ಆಫ್ರಿಕಾಕ್ಕೆ ಹೊರಡುತ್ತದೆ ಎಂದು ನನ್ನ ಊಹೆ. ಎಲ್ಲೆಲ್ಲಿಂದಲೋ ಅಂಕಿ ಆರಿಸಿ ತರುತ್ತಿದ್ದೇನೆ.

ಪುಟ್ಟಿಗೆ ಇದನ್ನೇ ಕಥೆ ಮಾಡಿ ಹೇಳುತ್ತೇನೆ: ಒಬ್ಬ ರಾಜ ಡಬ್ಬಿ ತುಂಬ ಕರಿ ಎಣ್ಣೆ ಕಳಿಸಿದನಂತೆ, ಇನ್ನೊಬ್ಬ ರಾಜ, ಡಬ್ಬಿ ಖಾಲಿ ಕಳಿಸಬಾರದಲ್ಲ, ಅದೇ ಡಬ್ಬಿಗೆ ಕೆಂಪು ಎಣ್ಣೆ ತುಂಬಿ ವಾಪಸ್ ಕಳಿಸಿದನಂತೆ. ಅವಳು ಆಕಳಿಸುತ್ತಾಳೆ.

ಭಾವನಿಗೆ ನಮಸ್ಕಾರ ಹೇಳಿ.

ನಿಮ್ಮ
ಹರಿಣಿ


ಅಟ್ಲಾಂಟಾ
11 ಏಪ್ರಿಲ್ 2022

ಹರಿಣಿ ಕಣೇ,

ಚಟ್ನಿಪುಡಿಗೆ ಉಪ್ಪು ಜಾಸ್ತಿ. ಆದರೂ ನಿಮ್ಮ ಭಾವ ಇಡ್ಲಿಗೆ, ದೋಸೆಗೆ, ಬ್ರೆಡ್ಡಿಗೆ, ಎಲ್ಲದಕ್ಕೂ ಹಚ್ಚಿಕೊಂಡು ಮುಗಿಸಿದರು. "ನಿನ್ನ ಕೈಯಲ್ಲಿ ಈ ರುಚಿ ಯಾಕೆ ಬರಲ್ಲ" ಅಂತ ಬೇರೆ ಕೇಳಿದರು. ಪಾಪ, ರಾತ್ರಿ ಉಪವಾಸ ಮಲಗಿದರು.

ಮಗುವಿನ ಮೂಗಿಗೆ ಬೆರಳಿಡುವುದನ್ನು ಬಿಡು. ಎಣ್ಣೆ ನೀರು ಬಿಡಬೇಡ. ತಲೆಗೆ ಬಟ್ಟೆ ಕಟ್ಟಿಕೊಳ್ಳದೆ ಹೊರಗೆ ಹೋಗಬೇಡ, ವರ್ಜೀನಿಯಾದ ಏಪ್ರಿಲ್‌ನ ನಂಬಬಾರದು.

ಕೋಡುಬಳೆ ಮಾಡಿದ್ದೆ, ಕಳಿಸಿದ್ದೇನೆ. ಒಂದು ಇಡೀ ಭಾನುವಾರ ಒಲೆ ಮುಂದೆ ನಿಂತಿದ್ದೇನೆ, ನೆನಪಿರಲಿ.

ನಿನ್ನ ಕೆಲಸದ ಬಗ್ಗೆ ಒಂದು ಮಾತು. ನಾನು ಮಾನಸಗಂಗೋತ್ರಿಯಲ್ಲಿ ಅರ್ಥಶಾಸ್ತ್ರದ ಎಂ.ಎ. ಮಾಡಿ ಇಲ್ಲಿ ಹನ್ನೊಂದು ವರ್ಷದಿಂದ ಲಾರಿ ಕಂಪನಿಯ ರಿಸರ್ಚ್ ವಿಭಾಗದಲ್ಲಿ ಕೂತಿದ್ದೇನೆ. ಸವಾನಾ ಬಂದರಿಗೆ ಹೋದ ಲಾರಿ ಖಾಲಿ ಬರಬಾರದು, ಬರುವಾಗ ಏನು ಹೇರಿಕೊಂಡು ಬರಬೇಕು: ಅಷ್ಟೇ ನನ್ನ ಜೀವನ. ನಿನ್ನದು ಅಂಥದ್ದಲ್ಲ, ನಿಜವಾದ ವಿಷಯ. ಆದರೆ ನಿದ್ದೆಗೆಟ್ಟ ತಲೆಯಲ್ಲಿ ಬರೆದದ್ದನ್ನು ಹಾಗೇ ಆಫೀಸಿಗೆ ಕಳಿಸಿಬಿಡಬೇಡ. ಬರೆದಷ್ಟು ನನಗೆ ಕಳಿಸು. ಹಿರಿಯಳಾಗಿ ಒಂದು ಸಲ ಕಣ್ಣಾಡಿಸುತ್ತೇನೆ. ನೀನು ಮಲಗು.

ಊರ್ಮಿಳಾ


ಹರ್ನ್‌ಡನ್
6 ಮೇ 2022

ಪ್ರೀತಿಯ ಅಕ್ಕ,

ಮೊದಲು ಜಗಳ. ಆ ಕೋಡುಬಳೆ ನೀವು ಮಾಡಿದ್ದಲ್ಲ! ಎರಡು ತುದಿ ಸೇರುವ ಕಡೆ ಒತ್ತಿ ಚಪ್ಪಟೆ ಮಾಡಿ, ಮೇಲೊಂದು ಕರಿ ಎಳ್ಳು ಅಂಟಿಸುವವರು ಈ ಕಡೆಯಲ್ಲೆಲ್ಲ ಒಬ್ಬರೇ, ಶಾರ್ಲಟ್‌ನ ವಿಜಯಶ್ರೀ ಆಂಟಿ. ಅವರು ನಿಮಗೆ ಕೊಟ್ಟದ್ದನ್ನು ನಿಮ್ಮದೆಂದು ನನಗೆ ಸಾಗಿಸಿದ್ದೀರಿ. ನಮ್ಮ ಕಸುಬಿನಲ್ಲಿ ಇದಕ್ಕೆ ಮರುರಫ್ತು ಅನ್ನುತ್ತಾರೆ ಅಕ್ಕ. ಮೂಲ ದೇಶದ ಹೆಸರು ಮರೆಸಿದರೆ ದಂಡ ಇದೆ. ನಾನೂ ಚಿರಂತನ್ನೂ ಹೊಟ್ಟೆ ಹಿಡಿದುಕೊಂಡು ನಕ್ಕೆವು. ಡಬ್ಬಿಯಲ್ಲಿ ನಾನೇ ಕಟ್ಟಿದ ಹೆಸರುಂಡೆ ಇದೆ. ಗಟ್ಟಿಯಾಗಿವೆ. ಹಾಗಾಗಿ ಮೂಲದ ಬಗ್ಗೆ ಅನುಮಾನ ಬೇಡ.

ಈಗ ವಿಷಯ. ಇಂಡೋನೇಷ್ಯಾ ತಾಳೆ ಎಣ್ಣೆ ರಫ್ತನ್ನೇ ನಿಲ್ಲಿಸಿದ ಸುದ್ದಿ ನೋಡಿದಿರಾ? ಎಲ್ಲರ ಕಣ್ಣು ಮಲೇಷ್ಯಾದ ಮೇಲೆ. ರೆಸ್ಟನ್ ಆಫೀಸಿನಿಂದ ನನ್ನ ಮ್ಯಾನೇಜರ್ ಫೋನ್ ಮಾಡಿದ್ದ. ಒಬ್ಬ ಗ್ರಾಹಕನಿಗೆ ಕೊಲ್ಲಿ-ಮಲೇಷ್ಯಾ ವ್ಯಾಪಾರದ ವರದಿ ಬೇಕಂತೆ. "ಇದು ನಿನ್ನ ಹೆಸರಿನಲ್ಲೇ ಬರಲಿ. ವರದಿ ಚೆನ್ನಾಗಿ ಬಂದರೆ ಸೆಪ್ಟೆಂಬರ್‌ನಲ್ಲಿ ಕೆಲಸ ಕಾಯಂ ಮಾಡುತ್ತೇವೆ" ಅಂದ. ಮೂರು ವರ್ಷದಿಂದ ಕಂಟ್ರಾಕ್ಟ್ ಮೇಲೆ ಇನ್ನೊಬ್ಬರ ವರದಿಗೆ ಅಂಕಿ ತುಂಬಿಕೊಟ್ಟವಳು ನಾನು. ಮುಖಪುಟದಲ್ಲಿ ನನ್ನ ಹೆಸರು ಒಂದು ಸಲವೂ ಬಂದಿಲ್ಲ.

ಕರಡನ್ನು ನಿಮಗೆ ಈಮೇಲ್ ಮಾಡಿದ್ದೇನೆ. ನನ್ನ ಊಹೆ ನಿಜವಾಯಿತು ಅಕ್ಕ. ಕಾಣೆಯಾದ ಎಣ್ಣೆ ಪೂರ್ವ ಆಫ್ರಿಕಾದ ಎರಡು ಬಂದರುಗಳಲ್ಲಿ ಸಿಕ್ಕಿತು. ಕಂಡ ಕ್ಷಣ ಪುಟ್ಟಿಯನ್ನು ಎತ್ತಿಕೊಂಡು ಅಡುಗೆಮನೆಯಲ್ಲಿ ಕುಣಿದೆ. ಅವಳು ಹಾಲು ಕಕ್ಕಿದಳು.

ತಪ್ಪಿದ್ದರೆ ಕಿವಿ ಹಿಂಡಿ ಹೇಳಿ. ನೀವು ನೋಡಿದ ಮೇಲೆಯೇ ಕೊಡುತ್ತೇನೆ.

ಹರಿಣಿ


ಅಟ್ಲಾಂಟಾ
20 ಜೂನ್ 2022

ಹರಿಣಿ,

ತಡವಾಯಿತು. ಇಲ್ಲಿ ಆಫೀಸಿನಲ್ಲಿ ಜನರನ್ನು ಕಡಿಮೆ ಮಾಡುತ್ತಾರಂತೆ ಎಂಬ ಗುಸುಗುಸು. ಎಲ್ಲರೂ ನೆಲ ನೋಡಿಕೊಂಡು ಓಡಾಡುತ್ತಿದ್ದಾರೆ.

ಕರಡು ಓದಿದೆ. ಬೇಜಾರು ಮಾಡಿಕೊಳ್ಳಬೇಡ, ಇನ್ನೂ ಹಸಿಯಿದೆ. ಈಗಲೇ ಕೊಟ್ಟರೆ ನಗೆಪಾಟಲಾಗುತ್ತದೆ. ಏಳೆಂಟು ವರ್ಷ ಹಿಂದಿನಿಂದ ಅಂಕಿ ಕೂಡಿಸು. ಬೇಸಿಗೆ ಪೂರ್ತಿ ಅದಕ್ಕೇ ಬೇಕಾಗಬಹುದು. ಅವಸರವೇನು? ಮಗು ಈ ವಯಸ್ಸಿನಲ್ಲಿ ಒಂದೇ ಸಲ ಇರುವುದು.

ಡಬ್ಬಿಗೆ ಏನೂ ಮಾಡಲು ಕೈ ಬಿಡುವಾಗಲಿಲ್ಲ. ಸಕ್ಕರೆ ಹಾಕಿದ್ದೇನೆ.

ಊರ್ಮಿಳಾ


ಹರ್ನ್‌ಡನ್
14 ಸೆಪ್ಟೆಂಬರ್ 2022

ಅಕ್ಕ,

ಈ ಕಾಗದವನ್ನು ಡಬ್ಬಿಯಲ್ಲಿ ಇಡುವುದಿಲ್ಲ. ಹರಿದುಹಾಕುವ ಮೊದಲು ಒಂದು ಸಲ ಬರೆದು ಮುಗಿಸಬೇಕಾಗಿದೆ, ಅಷ್ಟೇ.

ಮ್ಯಾನೇಜರ್ ಇವತ್ತು ಬೆಳಿಗ್ಗೆ ಒಂದು ವರದಿ ಕಳಿಸಿದ. "ಗ್ರಾಹಕ ಇದನ್ನೇ ಕೊಂಡುಬಿಟ್ಟಿದ್ದಾನೆ ಹರಿಣಿ, ಇನ್ನು ನಮ್ಮದು ಯಾರಿಗೆ ಬೇಕು" ಎಂದು ಬರೆದಿದ್ದ. ಅಟ್ಲಾಂಟಾದ ಕಂಪನಿ. ಮುಖಪುಟದಲ್ಲಿ ಊರ್ಮಿಳಾ ಪ್ರಭಾಕರ. ಮೊದಲ ಪುಟದಿಂದ ನನ್ನದೇ ಮಾತು. ಕಾಣೆಯಾದ ಎಣ್ಣೆ ನನ್ನದು, ಆಫ್ರಿಕಾದ ಎರಡು ಬಂದರು ನನ್ನವು. ಪುಟ್ಟಿಗೆ ಜ್ವರ ಬಂದ ದಿನ ಒಂದು ಊರಿನ ಹೆಸರನ್ನು ತಪ್ಪಾಗಿ ಟೈಪ್ ಮಾಡಿದ್ದೆ. ನಿಮ್ಮ ವರದಿಯಲ್ಲೂ ಆ ಊರು ಹಾಗೇ ಇದೆ.

ನೀವು ಹೇಳಿದಿರೆಂದು ಬೇಸಿಗೆ ಪೂರ್ತಿ ಹಳೆಯ ಅಂಕಿ ಕೂಡಿಸುತ್ತ ಕೂತೆ. ನೀವು ಅಷ್ಟರಲ್ಲಿ ಅಚ್ಚಿಗೆ ಕಳಿಸಿದಿರಿ. ನನ್ನ ಕಂಟ್ರಾಕ್ಟ್ ಈ ತಿಂಗಳಿಗೆ ಮುಗಿಯುತ್ತದೆ. ಮುಂದುವರಿಸುವುದಿಲ್ಲವಂತೆ.

ಚಿರಂತನ್‌ಗೆ ತೋರಿಸಿದೆ. "ಅಣ್ಣನ ಹತ್ರ ಮಾತಾಡ್ಲಾ?" ಅಂದರು. ಬೇಡ ಅಂದೆ. ಮಾತಾಡಿದರೆ ನೀವು ಅಳುತ್ತೀರಿ, ಅತ್ತೆ ವಿಡಿಯೋದಲ್ಲಿ ಅಳುತ್ತಾರೆ, ಕೊನೆಗೆ ಬಾಣಂತನ ಮಾಡಿದವರನ್ನು ಅಳಿಸಿದ ಪಾಪಿ ನಾನಾಗುತ್ತೇನೆ.

ಪುಟಗಳನ್ನು ತಿರುಗಿಸುತ್ತ ಹೋದಾಗ ಕೊನೆಯಲ್ಲಿ ನನ್ನದಲ್ಲದ ಒಂದು ಅಧ್ಯಾಯ ಕಂಡಿತು. ಕಚ್ಚಾ ತೈಲ ತಂದು ಇಳಿಸಿದ ಹಡಗುಗಳೇ ಮರಳುವಾಗ ತಾಳೆ ಎಣ್ಣೆ ತುಂಬಿಕೊಂಡು ಹೋಗುವುದರಿಂದ ಸಾಗಣೆ ಅಗ್ಗವಾಗುತ್ತದೆಯಂತೆ, ಮುಂದೆ ಇನ್ನೂ ಅಗ್ಗವಾಗುತ್ತದೆಯಂತೆ. ಎರಡು ಸಲ ಓದಿದೆ. ನಾನು ಪುಟ್ಟಿಗೆ ಹೇಳುತ್ತಿದ್ದ ರಾಜರ ಕಥೆ! ಲಾರಿಯವರ ಬುದ್ಧಿಗೆ ಅದು ಸಹಜವಾಗಿಯೇ ಕಂಡಿರಬೇಕು. ಕಚ್ಚಾ ತೈಲದ ಟ್ಯಾಂಕಿನಲ್ಲಿ ಅಡುಗೆ ಎಣ್ಣೆ ಯಾರಾದರೂ ತುಂಬುತ್ತಾರಾ ಅಕ್ಕ? ಆ ಹಡಗು ಸಮತೋಲಕ್ಕೆ ಉಪ್ಪುನೀರು ಹೀರಿಕೊಂಡು ಬರಿದಾಗಿ ಹೋಗುತ್ತದೆ. ತಾಳೆ ಎಣ್ಣೆಗೆ ಬೇರೆಯದೇ ಹಡಗು. ಬಂದರು ಬಲ್ಲವರು ಒಬ್ಬರು ನೋಡಿದ್ದರೂ ತಡೆಯುತ್ತಿದ್ದರು. ನಿಮ್ಮ ಲಾರಿ ಕಂಪನಿಯಲ್ಲಿ ಯಾರೂ ನೋಡಿಲ್ಲ.

ಬೆಳಿಗ್ಗೆಯಿಂದ ಮೊದಲ ಸಲ ಹಸಿವಾಯಿತು. ಸಕ್ಕರೆ ಇದ್ದ ನಿಮ್ಮ ಡಬ್ಬಿ ತೆಗೆದು ಬೆರಳು ಅದ್ದಿ ತಿಂದೆ.


ಅಟ್ಲಾಂಟಾ
2 ನವೆಂಬರ್ 2022

ಪ್ರೀತಿಯ ಹರಿಣಿ,

ದೀಪಾವಳಿಗೂ ನಿನ್ನಿಂದ ಒಂದು ಮಾತಿಲ್ಲ. ಡಬ್ಬಿಯೂ ಅಲ್ಲೇ ಉಳಿದಿದೆ. ಪುಟ್ಟಿ ಹೇಗಿದ್ದಾಳೆ? ಕೂರುತ್ತಾಳಾ? ಕೆಲಸ ನಿಂತಿತೆಂದು ಚಿರಂತನ್ ಹೇಳಿದ. ಒಳ್ಳೆಯದೇ ಆಯಿತು ಅನ್ನು, ಮಗುವಿಗೆ ನೀನು ಸಿಕ್ಕಿದೆ. ನೀನಿನ್ನೂ ಚಿಕ್ಕವಳು, ಇಂಥ ಹತ್ತು ಕೆಲಸ ಬರುತ್ತವೆ.

ಮಾರ್ಚ್ ಮೂರನೆಯ ವಾರ ನಾನು ವಾಷಿಂಗ್ಟನ್ನಿಗೆ ಬರುತ್ತೇನೆ. ಆಫೀಸಿನವರು ಒಂದು ಸಮ್ಮೇಳನಕ್ಕೆ ಕಳಿಸುತ್ತಿದ್ದಾರೆ. ಲಾರಿ ಸಾಗಣೆಯ ಬಗ್ಗೆ ಒಂದು ಸಣ್ಣ ಮಾತು, ನಿನಗೆ ಬೋರಾಗುವಂಥದ್ದು. ಹೋಟೆಲ್ ಬೇಡ, ನಿಮ್ಮಲ್ಲೇ ಇಳಿದುಕೊಳ್ಳುತ್ತೇನೆ. ಪುಟ್ಟಿಗೆ ಒಂದು ಸ್ನಾನ ಮಾಡಿಸಿದ ಹಾಗೂ ಆಗುತ್ತದೆ.

ಅಂದಹಾಗೆ, ಊಟದ ಹೊತ್ತಿನಲ್ಲಿ ಇಲ್ಲೊಂದು ಚರ್ಚೆ ಬಂತು. ಕಚ್ಚಾ ತೈಲ ಹೊತ್ತು ಹೋದ ಹಡಗು ಬರುವಾಗ ತಾಳೆ ಎಣ್ಣೆ ತರುತ್ತದೆ ತಾನೇ? ನೀನು ಒಂದು ಸಲ ಬರೆದಿದ್ದ ಹಾಗೆ ನೆನಪು. ಸುಮ್ಮನೆ ಕೇಳಿದೆ.

ಊರ್ಮಿಳಾ


ಹರ್ನ್‌ಡನ್
9 ನವೆಂಬರ್ 2022

ಪ್ರೀತಿಯ ಊರ್ಮಿಳಕ್ಕ,

ಕ್ಷಮಿಸಿ, ಮಗುವಿನ ಹಲ್ಲು ಬರುವ ಗಲಾಟೆಯಲ್ಲಿ ಬರೆಯಲಾಗಲಿಲ್ಲ. ಕೂರುತ್ತಾಳೆ. ಕೂತಲ್ಲಿಂದಲೇ ಎಲ್ಲ ಎಳೆದು ಕೆಡವುತ್ತಾಳೆ. ಯಾವುದನ್ನು ಎಳೆದರೆ ಯಾವುದು ಬೀಳುತ್ತದೆ ಎಂದು ಒಂದು ಕ್ಷಣ ನೋಡಿ ಆಮೇಲೆ ಎಳೆಯುತ್ತಾಳೆ. ಯಾರ ಬುದ್ಧಿಯೋ.

ಖಂಡಿತ ಇಲ್ಲಿಗೇ ಬನ್ನಿ. ನಾನೇ ಡ್ರೈವ್ ಮಾಡಿಕೊಂಡು ಹೋಗಿ ಬಿಡುತ್ತೇನೆ, ಟೋಲ್ ರೋಡಿನಲ್ಲಿ ಬೆಳಗಿನ ಟ್ರಾಫಿಕ್ ನಿಮಗೆ ಗೊತ್ತಾಗುವುದಿಲ್ಲ. ಸೀರೆ ಉಡಿ ಅಕ್ಕ. ಆ ಹಸಿರು ಮೈಸೂರು ರೇಷ್ಮೆ ತನ್ನಿ, ಇಸ್ತ್ರಿ ನಾನು ಮಾಡಿಕೊಡುತ್ತೇನೆ. ಇಷ್ಟು ವರ್ಷದ ಮೇಲೆ ವೇದಿಕೆ ಹತ್ತುತ್ತಿದ್ದೀರಿ, ಎಲ್ಲರೂ ನೋಡಬೇಕು.

ಹಡಗಿನ ವಿಷಯ ಕೇಳಿದಿರಿ. ನಮ್ಮ ಮನೆಯ ಡಬ್ಬಿ ಯಾವತ್ತಾದರೂ ಖಾಲಿ ವಾಪಸ್ ಬಂದದ್ದಿದೆಯಾ ಅಕ್ಕ?

ಡಬ್ಬಿಯಲ್ಲಿ ಬಾದಾಮಿ ಬರ್ಫಿ ಇದೆ. ತುಪ್ಪ ಸ್ವಲ್ಪ ಹೆಚ್ಚೇ ಹಾಕಿದ್ದೇನೆ.

ನಿಮ್ಮ ಪ್ರೀತಿಯ
ಹರಿಣಿ


ಅಟ್ಲಾಂಟಾ
27 ಮಾರ್ಚ್ 2023

ಹರಿಣಿ,

ನಾಲ್ಕು ದಿನದಿಂದ ಬರೆದು ಬರೆದು ಹರಿಯುತ್ತಿದ್ದೇನೆ.

ಆ ದಿನ ಬೆಳಿಗ್ಗೆ ನನ್ನ ಸೀರೆಯ ನೆರಿಗೆ ಹಿಡಿದು ಕೂರಿಸಿದವಳು ನೀನು. "ಪಿನ್ ಗಟ್ಟಿಯಾಗಿ ಹಾಕಿದ್ದೀನಿ ಅಕ್ಕ, ಏನೇ ಆದ್ರೂ ಜಾರಲ್ಲ" ಅಂದೆ. ಉಪ್ಪಿಟ್ಟು ಬಡಿಸಿದೆ. ಕಾರಿನಲ್ಲಿ ದಾರಿಯುದ್ದಕ್ಕೂ ಮಗುವಿನ ಹಲ್ಲಿನ ಬಗ್ಗೆ ಮಾತಾಡಿದೆ. ಇಳಿಸಿ ವಾಪಸ್ ಹೋದೆ ಎಂದುಕೊಂಡಿದ್ದೆ. ನಾನು ಮಾತು ಮುಗಿಸಿ ನೀರು ಕುಡಿಯುತ್ತಿದ್ದಾಗ ಮೂರನೆಯ ಸಾಲಿನಲ್ಲಿ, ಎದೆಗೆ ಮಗು ಕಟ್ಟಿಕೊಂಡು ಎದ್ದು ನಿಂತು ಮೈಕ್ ಕೇಳಿದವಳನ್ನು ನೋಡಿದಾಗಲೂ ನನಗೆ ಖುಷಿಯೇ ಆಯಿತು. ನಮ್ಮ ಹುಡುಗಿ ನನ್ನ ಮಾತು ಕೇಳಲು ಬಂದಿದ್ದಾಳೆ ಎಂದುಕೊಂಡೆ.

"ಕಚ್ಚಾ ತೈಲ ತಂದು, ಮರಳುವಾಗ ತಾಳೆ ಎಣ್ಣೆ ತುಂಬಿಕೊಂಡು ಹೋದ ಒಂದೇ ಒಂದು ಹಡಗಿನ ಹೆಸರು ಹೇಳುತ್ತೀರಾ?"

ಎಷ್ಟು ಮೃದುವಾಗಿ ಕೇಳಿದೆ! ನಾನು ಪುಟ ತಿರುಗಿಸಿದೆ. ಇನ್ನೂ ತಿರುಗಿಸಿದೆ. ಹಿಂದಿನ ಸಾಲಿನಿಂದ ಯಾವುದೋ ಹಡಗು ಕಂಪನಿಯ ಮುದುಕನೊಬ್ಬ, "ಆ ಟ್ಯಾಂಕಿನ ಎಣ್ಣೆಯಲ್ಲಿ ಡೋನಟ್ ಕರಿದು ತಿಂತೀರಾ ಮೇಡಂ?" ಅಂದ. ಮಲೇಷ್ಯಾದಿಂದ ಬಂದವರೂ ನಕ್ಕರು, ಕೊಲ್ಲಿಯವರೂ ನಕ್ಕರು. ಆ ಎರಡೂ ಕಡೆಯವರು ಒಪ್ಪಿದ ಸಂಗತಿ ಅದೊಂದೇ ಇರಬೇಕು. ಸಭೆಯ ನಗು ಕೇಳಿ ನಿನ್ನ ಮಗಳೂ ಚಪ್ಪಾಳೆ ತಟ್ಟಿದಳು.

ಕಂಪನಿ ವರದಿಯನ್ನು ವಾಪಸ್ ಪಡೆದಿದೆ. ನನ್ನನ್ನು ರಿಸರ್ಚ್‌ನಿಂದ ತೆಗೆದು ಲಾರಿಗಳ ಸಮಯ ನೋಡುವ ಡೆಸ್ಕಿಗೆ ಹಾಕಿದ್ದಾರೆ.

ನಿನಗೆ ನವೆಂಬರ್‌ನಲ್ಲೇ ಗೊತ್ತಿತ್ತು. ನಾನು ಕೇಳಿದ್ದೆ. ಇಸ್ತ್ರಿ ಮಾಡುವಾಗ ಒಂದು ಮಾತು ಹೇಳಿದ್ದರೆ ಆ ಅಧ್ಯಾಯ ಬಿಟ್ಟು ಮಾತಾಡುತ್ತಿದ್ದೆ. ಹೌದು, ನಿನ್ನ ಕರಡನ್ನು ತೆಗೆದುಕೊಂಡೆ. ಕೆಲಸ ಹೋಗುವ ಹಾಗಿತ್ತು, ಕೈಯಲ್ಲಿ ಇದ್ದದ್ದು ಅದೊಂದೇ. ಮನೆಯವರ ನಡುವೆ ನಿನ್ನದು ನನ್ನದು ಏನು ಎಂದುಕೊಂಡೆ. ಐದು ವಾರ ನಿನ್ನ ಮೈಗೆ ಎಣ್ಣೆ ಹಚ್ಚಿದ ಕೈ ಇದು. ನಿನ್ನ ಮಗುವಿಗೆ ನಿನಗಿಂತ ಮೊದಲು ನೀರು ಹಾಕಿ ಸಮಾಧಾನ ಮಾಡಿದವಳು ನಾನು. ಅದಕ್ಕೆ ಬೆಲೆ ಇಲ್ಲವಾ?

ಊರ್ಮಿಳಾ


ಹರ್ನ್‌ಡನ್
10 ಏಪ್ರಿಲ್ 2023

ಊರ್ಮಿಳಕ್ಕನವರಿಗೆ,

ಬೆಲೆ ಇದೆ. ಅದಕ್ಕೇ ಹೋದಲ್ಲೆಲ್ಲ, ಬಾಣಂತನ ಮಾಡಿದ್ದು ನಮ್ಮ ವಾರಗಿತ್ತಿ ಎಂದು ನಿಮ್ಮ ಹೆಸರು ಹೇಳಿದೆ. ಎಲ್ಲ ನಾನೇ ಮಾಡಿಕೊಂಡೆ ಅನ್ನಲಿಲ್ಲ.

ಇಸ್ತ್ರಿ ಮಾಡುವಾಗ ಹೇಳಬಹುದಿತ್ತು ಅನ್ನುತ್ತೀರಿ. ಇಸ್ತ್ರಿ ಮಾಡುವಾಗ ನಾನೂ ಕಾಯುತ್ತಿದ್ದೆ. "ಹರಿಣಿ, ಇವತ್ತು ನಾನು ಓದುವುದು ನಿನ್ನ ಕೆಲಸ" ಎಂದು ನೀವು ಹೇಳುತ್ತೀರೇನೋ ಎಂದು ಸೆರಗಿನ ಒಂದೇ ಮಡಿಕೆಯ ಮೇಲೆ ಎಷ್ಟು ಹೊತ್ತು ಇಸ್ತ್ರಿ ಪೆಟ್ಟಿಗೆ ಎಳೆದಿರಬಹುದು! ನಾನು ಕೇಳಿದೆ ಕೂಡ: "ಅಕ್ಕ, ಇವತ್ತಿನ ಮಾತು ಯಾವುದರ ಬಗ್ಗೆ?" ನೀವು ಉಪ್ಪಿಟ್ಟಿನ ಕರಿಬೇವು ಬದಿಗಿಡುತ್ತ, "ಅಯ್ಯೋ, ಅದೇ ಹಾಳು ಲಾರಿ ಕಣೇ" ಅಂದಿರಿ. ನನ್ನ ಬ್ಯಾಗಿನಲ್ಲಿ ಸಮ್ಮೇಳನದ ಪ್ರವೇಶಪತ್ರ ಇತ್ತು, ನಿಮ್ಮ ಮಾತು ಆ ಕೊಲ್ಲಿ-ಮಲೇಷ್ಯಾ ವರದಿಯ ಬಗ್ಗೆ ಎಂದು ಜೊತೆಗಿದ್ದ ಕಾರ್ಯಕ್ರಮದ ಪಟ್ಟಿಯಲ್ಲೇ ಅಚ್ಚಾಗಿತ್ತು. ಆ ಲಾರಿಯ ಸುಳ್ಳನ್ನು ನೀವು ಅನ್ನದಿದ್ದರೆ ಸಾಕು, ನಿಮ್ಮನ್ನು ಬಿಟ್ಟು ಮನೆಗೆ ಬಂದುಬಿಡೋಣ ಎಂದು ಒಂದು ಮನಸ್ಸು ಇನ್ನೂ ಹೇಳುತ್ತಿತ್ತು. ನೀವು ಅಂದಿರಿ. ನಾನು ಪಿನ್ನು ಗಟ್ಟಿಯಾಗಿ ಹಾಕಿದೆ.

ಆ ವರದಿಯಲ್ಲಿ ನೀವೇ ಸ್ವಂತವಾಗಿ ಬರೆದದ್ದು ಆ ಒಂದು ಅಧ್ಯಾಯ ಮಾತ್ರ. ಜನ ನಕ್ಕದ್ದು ಅದಕ್ಕೇ. ನನ್ನ ಒಂದು ಸಾಲಿಗೂ ಯಾರೂ ನಗಲಿಲ್ಲ. ಇದನ್ನು ದಿನಾ ನೆನೆಸಿಕೊಳ್ಳುತ್ತೇನೆ, ಸುಳ್ಳು ಯಾಕೆ ಹೇಳಲಿ, ಬಾಯಿಗೆ ಬೆಲ್ಲ ಹಾಕಿಕೊಂಡ ಹಾಗಿರುತ್ತದೆ.

ಅತ್ತೆ ಮೊನ್ನೆ ಫೋನಿನಲ್ಲಿ, "ಇಬ್ಬರೂ ಸೊಸೆಯರು ಓದಿದೋರು ಅಂತ ಹೆಮ್ಮೆ ಪಡ್ತಿದ್ದೆ, ಓದಿದ್ದೇ ತಪ್ಪಾಯ್ತಾ?" ಅಂದರು. ಅಣ್ಣ ತಮ್ಮ ಮಾತು ಬಿಟ್ಟಿದ್ದಾರೆ. ಚಿರಂತನ್ ನನ್ನ ಮುಖ ನೋಡಿ ಏನೋ ಹೇಳಹೋಗಿ ಪಾತ್ರೆ ತೊಳೆಯುತ್ತಾರೆ. ನನ್ನ ನಿಜವಾದ ಅಂಕಿಗಳೂ ನಿಮ್ಮ ತಪ್ಪಿನ ಜೊತೆ ಮುಳುಗಿದವು. ಅದೂ ಗೊತ್ತಿದ್ದೇ ಎದ್ದು ನಿಂತೆ.

ಹರಿಣಿ


ಅಟ್ಲಾಂಟಾ
16 ಆಗಸ್ಟ್ 2023

ಹರಿಣಿ,

ಡಬ್ಬಿ ನನ್ನ ಹತ್ತಿರ ಉಳಿದುಕೊಂಡಿತ್ತು. ಬರ್ಫಿ ತಿಂದು ತೊಳೆದಿಟ್ಟದ್ದು ಹಾಗೇ ಇತ್ತು. ಕಪಾಟು ತೆಗೆದಾಗಲೆಲ್ಲ ಅತ್ತೆಯ ಹೆಸರು ಕಣ್ಣಿಗೆ ಬೀಳುತ್ತದೆ.

ಕಂಪನಿಯವರು ವರದಿಯನ್ನು ತಿದ್ದಿ ಮತ್ತೆ ತರಬೇಕೆಂದಿದ್ದಾರೆ. ಹಡಗಿನ ಅಧ್ಯಾಯ ತೆಗೆದರೆ ಉಳಿದದ್ದು ಗಟ್ಟಿ ಎಂದು ಹೊರಗಿನವರೊಬ್ಬರು ಓದಿ ಹೇಳಿದರಂತೆ. ಆದರೆ ಆ ಆಫ್ರಿಕಾದ ಅಂಕಿ ಎಲ್ಲಿಂದ, ಹೇಗೆ ಬಂತೆಂದು ಕೇಳುತ್ತಿದ್ದಾರೆ. ನನಗೆ ಹೇಳಲು ಬರುತ್ತಿಲ್ಲ. ಇದೊಂದು ಸರಿಹೋದರೆ ನನ್ನನ್ನು ಹಳೆಯ ಜಾಗಕ್ಕೆ ಕರೆಯುತ್ತಾರೆ. ನೀನು ವಿವರ ಬರೆದುಕೊಟ್ಟರೆ ಕೊನೆಯ ಪುಟದಲ್ಲಿ 'ನೆರವು: ಹರಿಣಿ' ಎಂದು ಹಾಕಿಸುತ್ತೇನೆ. ಅದಕ್ಕಿಂತ ಹೆಚ್ಚು ನನ್ನ ಕೈಯಲ್ಲಿಲ್ಲ. ಒಂದು ಸಲ ಬಂದ ಹೆಸರನ್ನು ಬದಲಿಸಿದರೆ ಯಾಕೆ ಎಂದು ಕೇಳುತ್ತಾರೆ.

ಡಬ್ಬಿಯಲ್ಲಿ ಕೋಡುಬಳೆ ಇದೆ. ಮೇಲೆ ಚೀಟಿ ಅಂಟಿಸಿದ್ದೇನೆ, ನೋಡು: 'ಮಾಡಿದವರು ವಿಜಯಶ್ರೀ ಆಂಟಿ, ಶಾರ್ಲಟ್'.

ಇಷ್ಟರ ಮೇಲೆ ನಿನ್ನಿಷ್ಟ. ಪುಟ್ಟಿಗೆ ಮುತ್ತು.

ಊರ್ಮಿಳಾ


ಹರ್ನ್‌ಡನ್
5 ಸೆಪ್ಟೆಂಬರ್ 2023

ಊರ್ಮಿಳಕ್ಕನವರಿಗೆ,

ಚೀಟಿ ನೋಡಿದೆ. ನೋಡಿ ನಗು ಬಂತು, ನಗುವಿನ ಹಿಂದೆ ಕಣ್ಣಲ್ಲಿ ನೀರು ಬಂತು, ಆಮೇಲೆ ಕೋಪ ಬಂತು. ಅದೇ ಕೊನೆಗೆ ಉಳಿದದ್ದು. ನಿಮಗೆ ಹೆಸರು ಹಾಕಲು ಬರುತ್ತದೆ. ಎಲ್ಲಿ ಹಾಕಬೇಕೆಂದೂ ಗೊತ್ತು. ಕೋಡುಬಳೆಗಾದರೆ ಡಬ್ಬಿಯ ಮೇಲೆ, ನನಗಾದರೆ ಕೊನೆಯ ಪುಟದಲ್ಲಿ. ಕೋಡುಬಳೆ ಮುರಿದು ಪುಟ್ಟಿಗೆ ಕೊಟ್ಟೆ. ಚೆನ್ನಾಗಿತ್ತು, ವಿಜಯಶ್ರೀ ಆಂಟಿಗೆ ನಾನೇ ಫೋನ್ ಮಾಡಿ ಹೇಳಿದೆ.

ವಿವರ ಬರೆದುಕೊಡುವುದಿಲ್ಲ. ಡೋನಟ್ ಮಾತಾಡಿದ ಆ ಮುದುಕ ಅವತ್ತು ಸಭೆ ಮುಗಿದ ಮೇಲೆ ನನ್ನ ಹತ್ತಿರ ಬಂದಿದ್ದ. "ಆ ಆಫ್ರಿಕಾದ ಭಾಗ ಬರೆದವರಿಗೆ ಕೆಲಸ ಗೊತ್ತಿದೆ. ಅವರೇ ಹಡಗಿನ ಭಾಗ ಹೇಗೆ ಬರೆದರು?" ಎಂದು ಕೇಳಿದ. ಇಬ್ಬರು ಬೇರೆ ಬೇರೆ ಅಂದೆ. ನನ್ನ ಕೊಲ್ಲಿ-ಮಲೇಷ್ಯಾ ವರದಿ ಬರುವ ತಿಂಗಳು ಅವರ ಕಂಪನಿಯಿಂದ ಬರುತ್ತದೆ. ಮುಖಪುಟದಲ್ಲಿ ಒಂದೇ ಹೆಸರು. ನಿಮ್ಮ ಕಂಪನಿಗೂ ಒಂದು ಪ್ರತಿ ಕಳಿಸಲು ಹೇಳಿದ್ದೇನೆ. ಅಂಕಿ ಎಲ್ಲಿಂದ, ಹೇಗೆ ಬಂತೆಂದು ಕೇಳುತ್ತಿದ್ದಾರಲ್ಲ, ಅದರಲ್ಲೇ ಓದಿಕೊಳ್ಳಲಿ. ಬರೆದವರು ಯಾರೆಂಬುದನ್ನೂ.

ಪುಟ್ಟಿ ಈಗ ರಾತ್ರಿಯಿಡೀ ಮಲಗುತ್ತಾಳೆ. ಅವಳು ಮಲಗಿದರೆ ನನಗೂ ನಿದ್ದೆ ಬರುತ್ತದೆ ಎಂದು ನೀವು ಹೇಳಿದ್ದು ಸುಳ್ಳಾಯಿತು.

ಡಬ್ಬಿಯನ್ನು ಇವತ್ತು ಅಂಚೆಗೆ ಹಾಕುತ್ತಿದ್ದೇನೆ. ತೊಳೆದು ಒರೆಸಿ ಬಿಸಿಲಿಗಿಟ್ಟಿದ್ದೆ. ಮುಚ್ಚುವ ಮೊದಲು ಕೈ ತಾನಾಗಿ ಸಕ್ಕರೆ ಜಾಡಿಗೆ ಹೋಯಿತು. ಒಂದು ಹಿಡಿ ತೆಗೆದೆ. ಮುಚ್ಚಳದ ಮೇಲೆ ಅತ್ತೆಯ ಹೆಸರು ಓದಿದೆ. ಸಕ್ಕರೆಯನ್ನು ಜಾಡಿಗೇ ಸುರಿದೆ. ಈ ಕಾಗದವನ್ನೂ ಒಳಗಿಡುವುದಿಲ್ಲ, ರಟ್ಟಿನ ಪೆಟ್ಟಿಗೆಯ ಹೊರಗೆ ಅಂಟಿಸುತ್ತೇನೆ.

ಕಚ್ಚಾ ತೈಲ ಇಳಿಸಿದ ಹಡಗು ಮರಳುವಾಗ ಏನು ತರುತ್ತದೆ ಎಂದು ಕೇಳಿದ್ದಿರಲ್ಲ. ಆಗ ಉತ್ತರ ಕೊಟ್ಟಿರಲಿಲ್ಲ.

ಮುಚ್ಚಳ ತೆಗೆದು ನೋಡಿ.

ಹರಿಣಿ